ಮಳೆಗೆ ಕರೆಂಟ್ ಹೋಗಿ ಬಂದಮೇಲೆ ವೈಫೈ ಡ್ರೈವರ್ ಕಾಣೆ: ಕರ್ನಲ್ ಅಪ್‌ಡೇಟನ್ನೇ ನಿಲ್ಲಿಸಿಬಿಡಲೇ?

ಕೊಡಗಿನ ಅಮ್ಮತ್ತಿಯ ಹೋಂಸ್ಟೇ, ಡೆಬಿಯನ್ 12 ಲಿನಕ್ಸ್, ಆರ್‌ಟಿಎಲ್ 8821ಸಿಯು ಚಿಪ್‌ನ ಯುಎಸ್‌ಬಿ ವೈಫೈ ಅಡಾಪ್ಟರ್, ಗಿಟ್‌ಹಬ್‌ನಿಂದ ಇಳಿಸಿ ಹಾಕಿಕೊಂಡ ಡ್ರೈವರ್. ಕರೆಂಟ್ ಹೋಗಿ ಬಂದಮೇಲೆ ವೈಫೈ ಇಲ್ಲ. ಕರ್ನಲ್ (ಲಿನಕ್ಸ್‌ನ ತಿರುಳು) ಅಪ್‌ಡೇಟ್ ಆಗದಂತೆ ತಡೆಯಲೇ, ಇಲ್ಲ ಪ್ರತಿಸಲ ಡ್ರೈವರ್ ಕಂಪೈಲ್ ಮಾಡುವ, ಅಂದರೆ ಮೂಲ ಕೋಡ್‌ನಿಂದ ಮತ್ತೆ ಕಟ್ಟುವ, ಸ್ಕ್ರಿಪ್ಟ್ ಬರೆಯಲೇ ಎಂದು ಕೇಳಿದ್ದೀರಿ. ಸುಂಟಿಕೊಪ್ಪ ಕಡೆ ಒಂದು ತೋಟದ ಆಫೀಸಿನಲ್ಲಿ, ರೈಟರ್ ಚೆಕ್‌ರೋಲ್ (ಕೆಲಸಗಾರರ ಹಾಜರಿ) ಬರೆಯುವ ಕಂಪ್ಯೂಟರಿನಲ್ಲಿ, ಇದೇ ಚಿಪ್ಪು ಇದೇ ಡೆಬಿಯನ್ ನೋಡಿಕೊಂಡವನು ನಾನು. ನಿಮ್ಮ ಪ್ರಶ್ನೆ ಓದುವಾಗ ಮುಂದಿನ ಸಾಲು ಏನಿರುತ್ತದೆಂದು ಮೊದಲೇ ಗೊತ್ತಾಗುತ್ತಿತ್ತು. ಅಪ್‌ಡೇಟ್ ತಡೆಹಿಡಿಯುವುದೂ ಬೇಡ, ಪ್ರತಿಸಲ ಕಂಪೈಲ್ ಮಾಡುವ ಸ್ಕ್ರಿಪ್ಟೂ ಬೇಡ.

ಮೊದಲು ಕರೆಂಟಿನ ಮೇಲಿನ ಅನುಮಾನ ಬಿಡಿ. ಅಡಾಪ್ಟರ್ ಸುಟ್ಟಿಲ್ಲ. ಆದದ್ದು ಇಷ್ಟು: ಅಪ್‌ಡೇಟ್‌ನಲ್ಲಿ ಹೊಸ ಕರ್ನಲ್ ಮೇ ತಿಂಗಳಲ್ಲೇ ಬಂದು ಡಿಸ್ಕಿನಲ್ಲಿ ಕೂತಿತ್ತು. ಕಂಪ್ಯೂಟರ್ ರೀಬೂಟ್ ಆಗದೆ ಹಳೆಯ ಕರ್ನಲ್‌ನಲ್ಲೇ ಓಡುತ್ತಿತ್ತು. ಜುಲೈ ಮಳೆಗೆ ಮರ ಬಿದ್ದು ಲೈನ್ ಹೋಯಿತು, ಯುಪಿಎಸ್ ಬರಿದಾಯಿತು, ಕರೆಂಟ್ ಬಂದಾಗ ಕಂಪ್ಯೂಟರ್ ಹೊಸ ಕರ್ನಲ್‌ಗೆ ಎದ್ದಿತು. ನಿಮ್ಮ ಡ್ರೈವರ್ ಉಳಿದದ್ದು ಹಳೆಯದರ ಫೋಲ್ಡರಿನಲ್ಲಿ. ಪ್ರತಿಯೊಂದು ಕರ್ನಲ್‌ಗೂ /ಲಿಬ್/ಮಾಡ್ಯೂಲ್ಸ್ ಅಡಿಯಲ್ಲಿ ಅದರದ್ದೇ ಫೋಲ್ಡರ್ ಇರುತ್ತದೆ. ಉದಾಹರಣೆಗೆ, 6.1.0-25ಕ್ಕೆ ಹಾಕಿದ ಮಾಡ್ಯೂಲನ್ನು (ಕಟ್ಟಿ ಸಿದ್ಧವಾದ ಡ್ರೈವರ್ ಫೈಲನ್ನು) 6.1.0-26 ತಿರುಗಿಯೂ ನೋಡುವುದಿಲ್ಲ. ಈಗ ಡ್ರೈವರ್ ಕಟ್ಟಲು ಇಂಟರ್‌ನೆಟ್ ಬೇಕು, ಇಂಟರ್‌ನೆಟ್‌ಗೆ ಡ್ರೈವರ್ ಬೇಕು.

ಈಗಿನ ಮಟ್ಟಿಗೆ ವೈಫೈ ಬರಲು ರೀಬೂಟ್ ಮಾಡಿ, ಕಂಪ್ಯೂಟರ್ ಏಳುವಾಗ ಬರುವ ಗ್ರಬ್ ಮೆನುವಿನಲ್ಲಿ 'ಅಡ್ವಾನ್ಸ್ಡ್ ಆಪ್ಷನ್ಸ್' ಒತ್ತಿ ಹಿಂದಿನ ಕರ್ನಲ್ ಆರಿಸಿ. ಹಳೆಯದನ್ನು ತೆಗೆದಿದ್ದರೆ ಆಂಡ್ರಾಯ್ಡ್ ಫೋನನ್ನು ಡೇಟಾ ಹೋಗುವ ಕೇಬಲ್‌ನಲ್ಲಿ ಸಿಕ್ಕಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಅದಕ್ಕೆ ಬೇಕಾದ ಆರ್‌ಎನ್‌ಡಿಐಎಸ್-ಹೋಸ್ಟ್, ಸಿಡಿಸಿ-ಎನ್‌ಸಿಎಂ ಮಾಡ್ಯೂಲುಗಳು ಕರ್ನಲ್ ಜೊತೆಗೇ ಬರುತ್ತವೆ, ಎಷ್ಟು ಅಪ್‌ಡೇಟ್ ಆದರೂ ಇರುತ್ತವೆ. ಹಳೆಯ ಫೋಲ್ಡರಿನ ಮಾಡ್ಯೂಲನ್ನು ಹೊಸದಕ್ಕೆ ಕಾಪಿ ಮಾಡಿ, 'ಇನ್‌ವ್ಯಾಲಿಡ್ ಮಾಡ್ಯೂಲ್ ಫಾರ್ಮ್ಯಾಟ್' ಎಂದಾಗ ಮಾಡ್‌ಪ್ರೋಬ್‌ಗೆ -ಎಫ್ ಕೊಟ್ಟು ಬಲವಂತವಾಗಿ ಲೋಡ್ ಮಾಡುವ ಸಲಹೆ ಎಲ್ಲಾದರೂ ಸಿಕ್ಕರೆ ದಯವಿಟ್ಟು ಮುಟ್ಟಬೇಡಿ. ಕರ್ನಲ್‌ನ ಸ್ಟ್ರಕ್ಚರ್‌ಗಳ ಅಳತೆ ಬದಲಾಗಿದೆಯೇ ಎಂದು ನೋಡುವ ತಪಾಸಣೆಯನ್ನೇ ಅದು ಕಿತ್ತುಹಾಕುತ್ತದೆ. ಅಳತೆ ಬದಲಾಗಿದ್ದರೆ ಡ್ರೈವರ್ ಬೇರೆಯವರ ಮೆಮೊರಿಯ ಮೇಲೆ ಬರೆಯುತ್ತದೆ. ಕಂಪ್ಯೂಟರ್ ಆ ಕ್ಷಣಕ್ಕೆ ನಿಂತರೆ ಅದೃಷ್ಟ, ನಿಲ್ಲದೆ ಫೈಲುಗಳು ಕೆಡುತ್ತಾ ಹೋದರೆ ಗೊತ್ತೇ ಆಗುವುದಿಲ್ಲ.

ಇನ್ನು ನಿಜವಾದ ತಪ್ಪಿಗೆ ಬರುತ್ತೇನೆ. ನೀವು ಡಿಕೆಎಂಎಸ್ ಹಾಕಿದ್ದೇನೆ, ಆದರೂ ಹೀಗಾಯಿತು ಎಂದು ಬರೆದಿದ್ದೀರಿ. ತೋಟದ ಆಫೀಸಿನಲ್ಲೂ ಡಿಕೆಎಂಎಸ್ ಇತ್ತು. ಹೊಸ ಕರ್ನಲ್ ಬಂದ ಕೂಡಲೇ ಡ್ರೈವರನ್ನು ತಾನೇ ಮತ್ತೆ ಕಟ್ಟುವುದೇ ಅದರ ಕೆಲಸ. ಕಟ್ಟಲು ಆ ಕರ್ನಲ್‌ನದೇ ಹೆಡರ್ ಫೈಲುಗಳು, ಅಂದರೆ ಅದರ ಒಳಗಿನ ರಚನೆಯ ವಿವರ ಇರುವ ಫೈಲುಗಳು, ಬೇಕು. ನೀವು ಹೆಡರ್ ಹಾಕಿದ್ದು ಖಂಡಿತ ಹೀಗೆ: ಆಪ್ಟ್ ಇನ್‌ಸ್ಟಾಲ್ ಲಿನಕ್ಸ್-ಹೆಡರ್ಸ್-$(ಯುನೇಮ್ -ಆರ್). ಎಲ್ಲ ಕಡೆ ಇದೇ ಸಾಲು ಬರೆದಿರುತ್ತಾರೆ. ಇಲ್ಲೇ ಎಲ್ಲವೂ ಕೆಡುವುದು. ಆವರಣದೊಳಗಿನ ಯುನೇಮ್ ಅನ್ನು ಶೆಲ್ (ನಾವು ಬರೆದ ಕಮಾಂಡ್ ಓದುವ ಪ್ರೋಗ್ರಾಂ) ಆ ಕ್ಷಣಕ್ಕೆ ಒಮ್ಮೆ ಬಿಡಿಸಿ, ಅಂದು ಓಡುತ್ತಿದ್ದ ಕರ್ನಲ್‌ನ ಹೆಸರು ತುಂಬುತ್ತದೆ. ಪ್ಯಾಕೇಜ್ ತರುವ ಆಪ್ಟ್‌ಗೆ ತಲುಪಿದ್ದು '6.1.0-25ರ ಹೆಡರ್ ಬೇಕು' ಎಂಬ ಬೇಡಿಕೆ ಮಾತ್ರ. 'ಮುಂದೆ ಬರುವ ಕರ್ನಲ್‌ಗಳ ಹೆಡರ್ ಕೂಡ ತರುತ್ತಿರು' ಎಂದು ಅದಕ್ಕೆ ಯಾರೂ ಹೇಳಲಿಲ್ಲ. ಅತ್ತ ಕರ್ನಲ್ ಬಂದದ್ದು ಲಿನಕ್ಸ್-ಇಮೇಜ್-ಎಎಂಡಿ64 ಎಂಬ ಪ್ಯಾಕೇಜಿನ ಮೂಲಕ. ಅದು ಸದಾ ಇತ್ತೀಚಿನದನ್ನು ಎಳೆದುಕೊಂಡು ಬರುತ್ತದೆ. ಹೀಗೆ ಕರ್ನಲ್ ಮುಂದೆ ಹೋಯಿತು, ಹೆಡರ್ ಹಿಂದೆಯೇ ಉಳಿಯಿತು. ಹೆಡರ್ ಸಿಗದ ಡಿಕೆಎಂಎಸ್ ಆ ಕರ್ನಲ್ಲನ್ನು ಬಿಟ್ಟು ಮುಂದೆ ಹೋಗುತ್ತದೆ. ಅಪ್‌ಡೇಟ್ ಮಾತ್ರ ಎಲ್ಲ ಸರಿಯಾಗಿದೆ ಎಂಬಂತೆ ಮುಗಿಯುತ್ತದೆ. ರಾತ್ರಿ ತಾನೇ ನಡೆಯುವ ಅಪ್‌ಡೇಟ್ ಆದರೆ ಪರದೆಯ ಮೇಲೆ ಬಂದ ಸಂದೇಶ ಓದಲು ಯಾರೂ ಇರುವುದಿಲ್ಲ.

ಪರಿಹಾರ ಒಂದೇ ಪ್ಯಾಕೇಜ್: ಲಿನಕ್ಸ್-ಹೆಡರ್ಸ್-ಎಎಂಡಿ64. ಅಂಕಿ ಇಲ್ಲದ ಹೆಸರು. ಇದು ಇಮೇಜ್ ಜೊತೆಜೊತೆಗೇ ಮುಂದೆ ಸಾಗುತ್ತದೆ. ಕಂಪೈಲರ್ ಕೂಡ ಇದರ ಹಿಂದೆಯೇ ಬರುತ್ತದೆ. ಆದರೆ ಒಂದು ಎಚ್ಚರ: ಇದು ತರುವುದು ಇತ್ತೀಚಿನ ಹೆಡರ್. ನಿಮ್ಮಲ್ಲಿ ಓಡುತ್ತಿರುವ ಕರ್ನಲ್ ಅದಕ್ಕಿಂತ ಹಳೆಯದಾಗಿದ್ದರೆ ಎರಡೂ ಹೊಂದುವುದಿಲ್ಲ. ಹಳೆಯ ಹೆಡರ್ ಹುಡುಕುತ್ತಾ ಕೂರಬೇಡಿ, ಅದು ಭಂಡಾರದಿಂದ ಹೋಗಿರಲೂಬಹುದು. ಆಪ್ಟ್ ಫುಲ್-ಅಪ್‌ಗ್ರೇಡ್ ಕೊಟ್ಟು ಕರ್ನಲ್ಲನ್ನೂ ಇತ್ತೀಚಿನದಕ್ಕೆ ತನ್ನಿ. ನಂತರ 'ಡಿಕೆಎಂಎಸ್ ಸ್ಟೇಟಸ್' ಕೊಟ್ಟು ಹೊಸ ಕರ್ನಲ್‌ನ ಸಂಖ್ಯೆಯ ಮುಂದೆ 'ಇನ್‌ಸ್ಟಾಲ್ಡ್' ಎಂದಿದೆಯೇ ನೋಡಿ. ಬರೀ 'ಆಡೆಡ್' ಎಂದಿದ್ದರೆ ಕಟ್ಟಿಲ್ಲ ಎಂದರ್ಥ. ರೀಬೂಟ್ ಮಾಡದೆಯೇ ಪರೀಕ್ಷಿಸಲು ಮಾಡ್‌ಇನ್ಫೋಗೆ -ಕೆ ಕೊಟ್ಟು ಹೊಸ ಕರ್ನಲ್‌ನ ಪೂರ್ತಿ ಹೆಸರು, ಆಮೇಲೆ 8821ಸಿಯು ಎಂದು ಬರೆಯಿರಿ. ವಿವರ ಬಂದರೆ ಮಾಡ್ಯೂಲ್ ಅಲ್ಲಿದೆ.

ಲೋಡ್ ಮಾಡುವಾಗ 'ಕೀ ವಾಸ್ ರಿಜೆಕ್ಟೆಡ್ ಬೈ ಸರ್ವಿಸ್' ಎಂದರೆ ಅದು ಸೆಕ್ಯೂರ್ ಬೂಟ್, ಪರಿಚಯದ ಸಹಿ ಇಲ್ಲದ್ದನ್ನು ತಡೆಯುವ ವ್ಯವಸ್ಥೆ. ಡಿಕೆಎಂಎಸ್ ತಾನೇ ಮಾಡಿಕೊಂಡ ಕೀಲಿಯಿಂದ ಸಹಿ ಹಾಕುತ್ತದೆ, ಆ ಕೀಲಿಯ ಪರಿಚಯ ಕಂಪ್ಯೂಟರ್‌ಗೆ ಇರುವುದಿಲ್ಲ. /ವಾರ್/ಲಿಬ್/ಡಿಕೆಎಂಎಸ್ ಒಳಗಿನ ಮೋಕ್.ಪಬ್ ಫೈಲನ್ನು ಮೋಕ್‌ಯುಟಿಲ್‌ನ --ಇಂಪೋರ್ಟ್ ಮೂಲಕ ಕೊಡಿ, ಒಂದು ಪಾಸ್‌ವರ್ಡ್ ಇಡಿ. ರೀಬೂಟ್ ಆಗುವಾಗ ನೀಲಿ ಪರದೆ ಬರುತ್ತದೆ, ಅಲ್ಲಿ 'ಎನ್‌ರೋಲ್ ಮೋಕ್' ಆರಿಸಿ ಅದೇ ಪಾಸ್‌ವರ್ಡ್ ಕೊಡಬೇಕು. ಆ ಪರದೆ ಸ್ವಲ್ಪ ಹೊತ್ತು ಕಾದು ಹೋಗಿಬಿಡುತ್ತದೆ, ಆದ್ದರಿಂದ ಕಂಪ್ಯೂಟರ್ ಮುಂದೆಯೇ ಕೂತಿರಿ.

ಇಷ್ಟೆಲ್ಲ ಹೇಳಿದ ಮೇಲೂ ನನ್ನ ನಿಜವಾದ ಸಲಹೆ ಬೇರೆ. ಈ ಡ್ರೈವರನ್ನೇ ಬಿಟ್ಟುಬಿಡಿ. ಲಿನಕ್ಸ್ ಕರ್ನಲ್ ತನ್ನ ಒಳಗಿನ ಫಂಕ್ಷನ್‌ಗಳು ಸ್ಥಿರವಾಗಿರುತ್ತವೆ ಎಂಬ ಮಾತನ್ನು ಯಾರಿಗೂ ಕೊಟ್ಟಿಲ್ಲ. ಪ್ರೋಗ್ರಾಂಗಳು ಬಳಸುವ ಸಿಸ್ಟಂ ಕಾಲ್‌ಗಳು ಕೆಡದಂತೆ ನೋಡಿಕೊಳ್ಳುತ್ತಾರೆ, ಒಳಗಿನದನ್ನು ಬೇಕಾದಂತೆ ಬದಲಿಸುತ್ತಾರೆ. ವೈಫೈ 7ರ ಬಹು ಲಿಂಕ್‌ಗಳಿಗಾಗಿ 6.0ರ ಸುಮಾರಿಗೆ ವೈಫೈ ವಿಭಾಗದ ಹಲವು ಫಂಕ್ಷನ್‌ಗಳಿಗೆ ಹೊಸ ಆರ್ಗ್ಯುಮೆಂಟ್ ಸೇರಿತು, ಹೊರಗಿನ ಹಲವು ವೈಫೈ ಡ್ರೈವರ್‌ಗಳು ಕಂಪೈಲ್ ಆಗದೆ ನಿಂತವು. ಕರ್ನಲ್ ಒಳಗೇ ಇರುವ ಡ್ರೈವರ್‌ಗಳನ್ನು ಬದಲಾವಣೆ ಮಾಡಿದವರೇ ತಿದ್ದುತ್ತಾರೆ. ಹೊರಗಿನದನ್ನು ಯಾರೋ ಬಿಡುವಾದಾಗ ತಿದ್ದಬೇಕು.

ನಿಮ್ಮ ಚಿಪ್‌ಗೆ ಕರ್ನಲ್‌ನ ಒಳಗಿನ ಡ್ರೈವರ್ ಇದೆ: ಆರ್‌ಟಿಡಬ್ಲ್ಯೂ88. ಅದಕ್ಕೆ ಯುಎಸ್‌ಬಿ ಬೆಂಬಲ ಬಂದದ್ದು 6.2ರಲ್ಲಿ. ಡೆಬಿಯನ್ 12ರದು 6.1, ಒಂದೇ ಮೆಟ್ಟಿಲು ತಪ್ಪಿತು. ಡೆಬಿಯನ್ 13ರಲ್ಲಿ 6.12 ಇದೆ, 12ರಲ್ಲೇ ಇರುವುದಾದರೆ ಬ್ಯಾಕ್‌ಪೋರ್ಟ್ಸ್‌ನಿಂದಲೂ (ಹಳೆಯ ಡೆಬಿಯನ್‌ಗೆ ಹೊಸ ಪ್ಯಾಕೇಜ್ ಕೊಡುವ ಭಂಡಾರ) 6.12 ಸಿಗುತ್ತದೆ. ಆರಂಭದ ಆವೃತ್ತಿಗಳಲ್ಲಿ ಸಂಪರ್ಕ ತುಂಡಾಗುವ ದೂರುಗಳಿದ್ದವು, ಆಮೇಲೆ ಸಾಕಷ್ಟು ತಿದ್ದಿದ್ದಾರೆ. ಚಿಪ್‌ನೊಳಗೆ ಓಡುವ ಪ್ರೋಗ್ರಾಂ ಇರುವ ಫರ್ಮ್‌ವೇರ್-ರಿಯಲ್‌ಟೆಕ್ ಪ್ಯಾಕೇಜ್ ಹಾಕಿ. ಅದಿಲ್ಲದಿದ್ದರೆ ಕರ್ನಲ್ ಲಾಗ್‌ನಲ್ಲಿ ಫರ್ಮ್‌ವೇರ್ ಲೋಡ್ ಆಗಲಿಲ್ಲ, ಎರರ್ -2 ಎಂದು ಬರುತ್ತದೆ. ಫೈಲೇ ಇಲ್ಲ ಎಂದು ಅದರ ಅರ್ಥ.

ಬದಲಾಯಿಸುವಾಗ ಹಳೆಯ ಡ್ರೈವರನ್ನು ಪೂರ್ತಿ ತೆಗೆಯಿರಿ. ಎರಡೂ ಇದ್ದರೆ ಒಂದೇ ಯುಎಸ್‌ಬಿ ಐಡಿಗೆ ಇಬ್ಬರು ಹಕ್ಕುದಾರರು, ಮೊದಲು ಲೋಡ್ ಆದದ್ದು ಹಿಡಿದುಕೊಳ್ಳುತ್ತದೆ. 'ಡಿಕೆಎಂಎಸ್ ರಿಮೂವ್' ಜೊತೆಗೆ --ಆಲ್ ಕೊಡಿ. ಅಷ್ಟಕ್ಕೇ ನಿಲ್ಲಿಸಬೇಡಿ, /ಇಟಿಸಿ/ಮಾಡ್‌ಪ್ರೋಬ್.ಡಿ ಒಳಗೆ ಹಳೆಯ ಡ್ರೈವರ್ ಹೆಸರಿನ ಫೈಲ್ ಇದೆಯೇ ನೋಡಿ. ಅದರಲ್ಲಿ ಕರ್ನಲ್‌ನ ಡ್ರೈವರನ್ನು ಬ್ಲ್ಯಾಕ್‌ಲಿಸ್ಟ್ ಮಾಡುವ ಸಾಲು ಇರಬಹುದು. ಆ ಫೈಲ್ ಉಳಿದರೆ ಹೊಸ ಡ್ರೈವರ್ ಡಿಸ್ಕಿನಲ್ಲಿದ್ದರೂ ತಾನಾಗಿ ಲೋಡ್ ಆಗುವುದಿಲ್ಲ, ನೀವು ಕೈಯಾರೆ ಮಾಡ್‌ಪ್ರೋಬ್ ಕೊಟ್ಟಾಗ ಮಾತ್ರ ಆಗುತ್ತದೆ. 'ಕೈಯಲ್ಲಿ ಕೊಟ್ಟರೆ ಬರುತ್ತದೆ, ರೀಬೂಟ್ ಆದರೆ ಬರುವುದಿಲ್ಲ' ಎಂಬ ಲಕ್ಷಣ ಕಂಡರೆ ಮೊದಲು ಹುಡುಕಬೇಕಾದ್ದು ಇಲ್ಲಿ.

ಎಲ್‌ಎಸ್‌ಯುಎಸ್‌ಬಿ ಕೊಟ್ಟಾಗ ಅಡಾಪ್ಟರ್ 0ಬಿಡಿಎ:1ಎ2ಬಿ ಎಂದು ತೋರಿಸಿದರೆ ಅದಿನ್ನೂ ವಿಂಡೋಸ್ ಡ್ರೈವರ್ ಇರುವ ಸಿಡಿಯ ವೇಷದಲ್ಲಿದೆ, ಯಾವ ವೈಫೈ ಡ್ರೈವರೂ ಅದನ್ನು ಗುರುತಿಸದು. ಯುಎಸ್‌ಬಿ-ಮೋಡ್‌ಸ್ವಿಚ್ ಪ್ಯಾಕೇಜ್ ಹಾಕಿ ಕಳಚಿ ಸಿಕ್ಕಿಸಿ. ಬದಲಾಗದಿದ್ದರೆ ಫೈಲ್ ಮ್ಯಾನೇಜರಿನಲ್ಲಿ ಆ ಡಿಸ್ಕನ್ನು ಇಜೆಕ್ಟ್ ಮಾಡಿ. 0ಬಿಡಿಎ:ಸಿ811 ಅಥವಾ ಅದರ ಹತ್ತಿರದ ಐಡಿ ಬಂದರೆ ಸರಿಯಾಯಿತು.

ಕರ್ನಲ್ಲನ್ನು ಹೋಲ್ಡ್ ಮಾಡಿ ಅಪ್‌ಡೇಟ್ ತಡೆದರೆ ಭದ್ರತೆಯ ತಿದ್ದುಪಡಿಗಳೂ ನಿಲ್ಲುತ್ತವೆ. ಅತಿಥಿಗಳ ಫೋನುಗಳೆಲ್ಲ ಸೇರುವ ಹೋಂಸ್ಟೇ ನೆಟ್‌ವರ್ಕ್‌ನಲ್ಲಿ ನಾನದನ್ನು ಒಪ್ಪುವುದಿಲ್ಲ. ಅದರ ಬದಲು ಮೇ ಕೊನೆಯೊಳಗೆ, ಕರೆಂಟೂ ಟವರೂ ನೆಟ್ಟಗಿರುವಾಗ, ಪೂರ್ತಿ ಅಪ್‌ಡೇಟ್ ಮಾಡಿ ನೀವೇ ರೀಬೂಟ್ ಮಾಡಿ, ವೈಫೈ ಬಂತೇ ನೋಡಿ. ಮಳೆಗಾಲದಲ್ಲಿ ಅಪ್‌ಡೇಟ್ ಬಂದಾಗಲೂ ಅದೇ ದಿನ ರೀಬೂಟ್ ಮಾಡಿ. ಜೋರು ಮಳೆಯ ಕಕ್ಕಡ ತಿಂಗಳಲ್ಲಿ ಟವರಿನ ಬ್ಯಾಟರಿಯೂ ಮುಗಿದರೆ ಫೋನ್ ಟೆದರಿಂಗ್ ಕೂಡ ಕೈಗೆ ಸಿಗದು.

ಆಗಲೂ ಕಟ್ಟುವುದು ವಿಫಲವಾದರೆ /ವಾರ್/ಲಿಬ್/ಡಿಕೆಎಂಎಸ್ ಒಳಗೆ ಡ್ರೈವರ್ ಹೆಸರಿನ ಫೋಲ್ಡರಿನಲ್ಲಿ ಮೇಕ್.ಲಾಗ್ ಇರುತ್ತದೆ. ಅದರಲ್ಲಿ ಕೊನೆಯ ಸಾಲು ನೋಡಿ ಪ್ರಯೋಜನವಿಲ್ಲ, 'ಎರರ್' ಎಂದು ಮೊದಲು ಬರುವ ಸಾಲನ್ನು ಕಾಮೆಂಟಿನಲ್ಲಿ ಹಾಕಿ, ಯುನೇಮ್ -ಆರ್ ಕೊಟ್ಟ ಉತ್ತರದ ಜೊತೆ.