ವಿಜ್ಞಾನದ ಇತಿಹಾಸವನ್ನು ಜನ ಇಷ್ಟಪಟ್ಟು ಓದಬೇಕಾದರೆ ಅದರಲ್ಲಿ ವಿಜ್ಞಾನ ಕಡಿಮೆ ಮಾಡಬೇಕಾ?

ಬೇಡ, ದಯವಿಟ್ಟು ಕಡಿಮೆ ಮಾಡಬೇಡಿ. ಆಮ್ಲಜನಕದ ಶೋಧದ ಬಗ್ಗೆ ಬರೆದಿದ್ದೀರಿ. ವಿಜ್ಞಾನ ಓದಿದವರು ಮೆಚ್ಚಿದರು, ಉಳಿದವರು ಎರಡನೇ ಪ್ಯಾರಾಕ್ಕೇ ಬಿಟ್ಟರು. ಅದಕ್ಕೇ ವಿಜ್ಞಾನಿಗಳ ಖಾಸಗಿ ಬದುಕು, ತಮಾಷೆ ಪ್ರಸಂಗ ಜಾಸ್ತಿ ಸೇರಿಸಲಾ ಅಂತ ಕೇಳುತ್ತಿದ್ದೀರಿ. ನಾನು ಸೇರಿಸಿ ನೋಡಿದವನು. ಹಾಗೆ ಮಾಡಿ ಒಂದು ಅಂಕಣವನ್ನೇ ಕಳೆದುಕೊಂಡೆ.

ಒಂದು ಪತ್ರಿಕೆಗೆ ವಾರವಾರ ಬರೆಯುತ್ತಿದ್ದೆ. ಮೊದಲ ಬರಹ ಗಾಳಿಯ ಒತ್ತಡದ ಮೇಲೆ. ಅದು ಶುರುವಾಗಿದ್ದು ಹೀಗೆ: "ಪ್ರಕೃತಿ ಖಾಲಿ ಜಾಗವನ್ನು ಸಹಿಸುವುದಿಲ್ಲ ಎಂದು ಜನ ಶತಮಾನಗಟ್ಟಲೆ ನಂಬಿಕೊಂಡಿದ್ದರು. ಗಾಳಿಗೂ ತೂಕವಿದೆ ಎಂದು ಇಟಲಿಯ ವಿಜ್ಞಾನಿ ಟಾರಿಚೆಲ್ಲಿ 1643ರಲ್ಲಿ ಕಂಡುಹಿಡಿದು ಆ ಮೂಢನಂಬಿಕೆಯನ್ನು ಕೊನೆಗಾಣಿಸಿದ." ಅಲ್ಲಿಂದ ಮುಂದೆ ಹೆಸರು, ಇಸವಿ, ಉಪಕರಣ, ಮತ್ತೆ ಹೆಸರು. ಯಾರೂ ಓದಲಿಲ್ಲ. ಸ್ವಲ್ಪ ರಂಜನೆ ಇರಲಿ ಅಂದರು ಸಂಪಾದಕರು. ನ್ಯೂಟನ್ನನ ಸೇಬು, ಆರ್ಕಿಮಿಡೀಸ್ ಬೆತ್ತಲೆ ಓಡಿದ್ದು, ಗೆಲಿಲಿಯೊ ಪೀಸಾ ಗೋಪುರದಿಂದ ಗುಂಡು ಬೀಳಿಸಿದ್ದು, ಎಲ್ಲ ತುರುಕಿದೆ. ಜನ ಪ್ರಸಂಗ ಓದಿದರು, ವಿಜ್ಞಾನ ಬಂದ ಕೂಡಲೇ ಪುಟ ತಿರುಗಿಸಿದರು. ಕೆಲವು ತಿಂಗಳಲ್ಲಿ ಅಂಕಣ ನಿಂತಿತು.

ಆ ತಪ್ಪನ್ನು ಸ್ವಲ್ಪ ಉದ್ದವಾಗಿಯೇ ಬಿಡಿಸಿ ಹೇಳುತ್ತೇನೆ, ಯಾಕಂದರೆ ನಿಮ್ಮ ಬರಹದಲ್ಲೂ ಅದೇ ಇದೆ. ಮೇಲಿನ ಎರಡು ವಾಕ್ಯ ಮತ್ತೊಮ್ಮೆ ಓದಿ. ಪ್ರಶ್ನೆ ಏನು ಅಂತ ಓದುಗನಿಗೆ ಗೊತ್ತಾಗುವ ಮೊದಲೇ ಉತ್ತರ ಅವನ ಕೈಗಿಟ್ಟಿದ್ದೆ. ಇನ್ನು ಅವನು ಯೋಚಿಸುವುದಕ್ಕೆ ಏನು ಉಳಿಯಿತು? ಅದರ ಜೊತೆಗೆ ಹಳೆಯ ಕಾಲದವರೆಲ್ಲ ಪೆದ್ದರು ಅಂತ ತೀರ್ಪನ್ನೂ ಕೊಟ್ಟಾಗಿತ್ತು. ಪೆದ್ದರಿಗೆ ಬುದ್ಧಿ ಬಂದ ಕಥೆಯನ್ನು ಯಾರು ಕಾದು ಕೂತು ಓದುತ್ತಾರೆ? ಇನ್ನೂ ಕೆಟ್ಟದ್ದೇನೆಂದರೆ, ಬರೆದ ಇತಿಹಾಸವೇ ಸುಳ್ಳಾಗಿತ್ತು. ಗಾಳಿಗೆ ತೂಕವಿದೆ ಅನ್ನುವುದು ಟಾರಿಚೆಲ್ಲಿಗಿಂತ ಮೊದಲೇ ಗೆಲಿಲಿಯೊಗೆ ಗೊತ್ತಿತ್ತು. 1638ರ ಪುಸ್ತಕದಲ್ಲಿ ಅದನ್ನು ಅಳೆದು, ನೀರು ಗಾಳಿಗಿಂತ ಸುಮಾರು 400 ಪಟ್ಟು ಭಾರ ಅಂತ ಲೆಕ್ಕವನ್ನೂ ಕೊಟ್ಟಿದ್ದಾನೆ. ನಿಜವಾದ ಸಂಖ್ಯೆ 800ರ ಆಸುಪಾಸು. ಆದರೂ ಆ ಕಾಲಕ್ಕೆ ಅದೊಂದು ಅದ್ಭುತ ಅಳತೆ.

ಕಥೆಗೆ ಜೀವ ಬರುವುದೇ ಇಲ್ಲಿ. ಗಾಳಿಗೆ ತೂಕವಿದೆ ಅಂತ ಗೊತ್ತಿದ್ದವನಿಗೇ ಪಂಪಿನ ಒಗಟು ಬಿಡಿಸಲು ಆಗಲಿಲ್ಲ! ಹೀರುವ ಪಂಪಿನಲ್ಲಿ ಕೊಂತ (ಪಿಸ್ಟನ್) ಮೇಲೆ ಎಳೆದರೆ ನೀರು ಹಿಂದೆಯೇ ಏರುತ್ತದೆ. ಸುಮಾರು 10 ಮೀಟರ್ ಆದಮೇಲೆ ಎಷ್ಟು ಎಳೆದರೂ ಏರುವುದಿಲ್ಲ. ಪ್ರಕೃತಿಗೆ ಖಾಲಿ ಜಾಗ ಆಗದು ಅನ್ನುವುದಾದರೆ 10 ಮೀಟರ್ ಮೇಲೆ ಮಾತ್ರ ಯಾಕೆ ಆಗುತ್ತದೆ? ತುಂಬ ಉದ್ದದ ಹಗ್ಗ ತನ್ನ ಭಾರಕ್ಕೆ ತಾನೇ ತುಂಡಾಗುವಂತೆ ನೀರಿನ ಕಂಬವೂ ತುಂಡಾಗುತ್ತದೆ ಅಂದ ಗೆಲಿಲಿಯೊ. ಒಂದು ನಿಮಿಷ ನಿಂತು ಯೋಚಿಸಿ. ಇದರಲ್ಲಿ ಪೆದ್ದತನ ಎಲ್ಲಿದೆ? ಒಪ್ಪುವ ಮಾತೇ ಅಲ್ವಾ? ಓದುಗನೂ ಇಲ್ಲಿ ತಲೆಯಾಡಿಸಬೇಕು. ಅವನು ತಲೆಯಾಡಿಸುವವರೆಗೆ ಟಾರಿಚೆಲ್ಲಿಯನ್ನು ಒಳಗೆ ಬಿಡಬೇಡಿ.

ಆಮೇಲೆ ಅವನು ಬರಲಿ. ನೀರನ್ನು ಮೇಲಿನಿಂದ ಯಾರೂ ಎಳೆಯುತ್ತಿಲ್ಲ, ಹೊರಗಿನ ಗಾಳಿ ಕೆಳಗಿನಿಂದ ತಳ್ಳುತ್ತಿದೆ ಅನ್ನುವುದು ಅವನ ಗುಮಾನಿ. ಹಾಗಿದ್ದರೆ ನೀರಿಗಿಂತ ಸುಮಾರು 14 ಪಟ್ಟು ಭಾರವಾದ ಪಾದರಸ ನೀರಿನ 14ರಲ್ಲಿ ಒಂದು ಪಾಲು ಎತ್ತರಕ್ಕೆ ನಿಲ್ಲಬೇಕು. ಒಂದು ತುದಿ ಮುಚ್ಚಿದ ಗಾಜಿನ ಕೊಳವೆಗೆ ಪಾದರಸ ತುಂಬಿ, ಬಾಯಿಗೆ ಬೆರಳು ಒತ್ತಿ, ಪಾದರಸದ ಬಟ್ಟಲಲ್ಲಿ ತಲೆಕೆಳಗು ಮಾಡಿ ಬೆರಳು ತೆಗೆದರೆ ಪಾದರಸ ಇಳಿದು ಸುಮಾರು 76 ಸೆಂಟಿಮೀಟರಿಗೆ ನಿಂತಿತು. ಮೇಲೆ ಉಳಿದ ಜಾಗ ನಿಜವಾಗಿ ಖಾಲಿಯಾ, ಅಥವಾ ಏನಾದರೂ ಸೇರಿಕೊಂಡಿದೆಯಾ? ಬಟ್ಟಲಿನ ಪಾದರಸದ ಮೇಲೆ ನೀರು ಹೊಯ್ದು, ಕೊಳವೆಯನ್ನು ನಿಧಾನವಾಗಿ ಮೇಲಕ್ಕೆ ಎತ್ತಿದರು. ಕೊಳವೆಯ ಬಾಯಿ ನೀರಿಗೆ ತಾಗಿದ್ದೇ ತಡ, ಪಾದರಸ ಪೂರ್ತಿ ಕೆಳಗೆ ಸುರಿಯಿತು, ನೀರು ರಭಸದಿಂದ ನುಗ್ಗಿ ತುದಿಯವರೆಗೂ ತುಂಬಿತು. ಒಳಗೆ ಗಾಳಿ ಇದ್ದಿದ್ದರೆ ಪೂರ್ತಿ ತುಂಬುತ್ತಿರಲಿಲ್ಲ. ಇದನ್ನು ಎಷ್ಟು ಸಲ ಓದಿದರೂ ನನಗೆ ಮೈ ಜುಮ್ಮೆನ್ನುತ್ತದೆ. ನನ್ನ ಆ ಬರಹದಲ್ಲಿ ಇದರ ಒಂದು ಅಕ್ಷರವೂ ಇರಲಿಲ್ಲ. ಜನರಿಗೆ ಕಷ್ಟವಾಗುತ್ತದೆ ಅಂತ ನಾನೇ ತೆಗೆದುಹಾಕಿದ್ದೆ.

ಖಾಸಗಿ ಬದುಕು ಬೇಕೇ ಬೇಕು ಅಂದರೆ, ಪ್ರಯೋಗಕ್ಕೆ ಬೇಕಾದಷ್ಟು ಮಾತ್ರ ತನ್ನಿ. ಬೆಟ್ಟದ ಮೇಲೆ ಗಾಳಿಯ ಹೊರೆ ಕಡಿಮೆಯಾದ್ದರಿಂದ ಪಾದರಸವೂ ಇಳಿಯಬೇಕು ಅಂತ ಫ್ರಾನ್ಸಿನ ಗಣಿತಜ್ಞ ಪಾಸ್ಕಲ್ ಲೆಕ್ಕ ಹಾಕಿದ. ಅವನು ಪ್ಯಾರಿಸ್ಸಿನಲ್ಲಿ, ಅದೂ ಕಾಯಿಲೆಯ ಮನುಷ್ಯ. ಅವನ ಭಾವ ಪೆರಿಯೆ ಇದ್ದದ್ದು ಪ್ಯೂಯಿ ದ ದೋಮ್ ಬೆಟ್ಟದ ಹತ್ತಿರದ ಕ್ಲೆರ್ಮೋನಿನಲ್ಲಿ. ಹಾಗಾಗಿ 1648ರ ಸೆಪ್ಟೆಂಬರ್ 19ರಂದು ಬೆಟ್ಟ ಹತ್ತಿದ್ದು ಭಾವ. ಹೊರಡುವ ಮುಂಚೆ ಒಂದು ಕೊಳವೆಯನ್ನು ಕೆಳಗೆ ಮಠದ ತೋಟದಲ್ಲೇ ನಿಲ್ಲಿಸಿ, ದಿನವಿಡೀ ನೋಡುತ್ತಿರಿ ಅಂತ ಒಬ್ಬ ಸನ್ಯಾಸಿಯನ್ನು ಕಾವಲಿಗೆ ಇಟ್ಟ. ತುದಿಯಲ್ಲಿ ಪಾದರಸ ಸುಮಾರು 8 ಸೆಂಟಿಮೀಟರ್ ಕೆಳಗೆ ನಿಂತಿತು. ನಂಬಿಕೆಯಾಗದೆ ಅಲ್ಲಿನ ಪುಟ್ಟ ಪ್ರಾರ್ಥನಾಮಂದಿರದ ಒಳಗೆ, ಹೊರಗೆ, ಮಂಜು ಮಳೆಯಲ್ಲಿ ಮತ್ತೆ ಮತ್ತೆ ಅಳೆದರು. ಕೆಳಗೆ ಬಂದು ಕೇಳಿದರೆ ಸನ್ಯಾಸಿಯ ಕೊಳವೆ ಒಂದಿಷ್ಟೂ ಅಲ್ಲಾಡಿರಲಿಲ್ಲ. ಆ ಕಾವಲಿನ ಸನ್ಯಾಸಿ ನನಗೆ ನ್ಯೂಟನ್ನನ ಸೇಬಿಗಿಂತ ಹೆಚ್ಚು. ಅವನನ್ನು ಯಾಕೆ ಕೂರಿಸಿದರು ಅಂತ ಅರ್ಥವಾದ ಓದುಗನಿಗೆ ಪ್ರಯೋಗ ಅಂದರೇನು ಅನ್ನುವುದೇ ಅರ್ಥವಾಗಿರುತ್ತದೆ. ಪೀಸಾ ಗೋಪುರದ ಕಥೆಯಾದರೋ ಶಿಷ್ಯ ವಿವಿಯಾನಿ ಎಷ್ಟೋ ವರ್ಷದ ಮೇಲೆ ಬರೆದ ಜೀವನಚರಿತ್ರೆಯಿಂದ ಬಂದದ್ದು. ಅದು ನಡೆದೇ ಇಲ್ಲ ಅನ್ನುವ ಇತಿಹಾಸಕಾರರೂ ಇದ್ದಾರೆ.

ಹೀಗೆ ಅದೇ ವಿಷಯವನ್ನು ಮತ್ತೆ ಬೇರೆ ಕಡೆ ಬರೆದೆ. ವಿಜ್ಞಾನದ ಗಂಧವೇ ಇಲ್ಲದವರು ಪತ್ರ ಬರೆದು, ಗೆಲಿಲಿಯೊ ಪರವಾಗಿ ನನ್ನ ಜೊತೆ ವಾದ ಮಾಡಿದರು. ನನಗೆ ಬೇಕಾಗಿದ್ದೂ ಅದೇ.

ಸೋತವರ ಕಥೆಯನ್ನೂ ಬಿಡಬೇಡಿ. ಯುರೇನಸ್ ಲೆಕ್ಕದ ಪ್ರಕಾರ ಚಲಿಸುತ್ತಿಲ್ಲ, ಕಾಣದ ಗ್ರಹವೊಂದು ಅದನ್ನು ಎಳೆಯುತ್ತಿರಬೇಕು ಅಂದ ಫ್ರಾನ್ಸಿನ ಖಗೋಳಜ್ಞ ಲವೆರಿಯೆ. ಅವನು ಹೇಳಿದ ದಿಕ್ಕಿಗೆ ದೂರದರ್ಶಕ ತಿರುಗಿಸಿದ ಬರ್ಲಿನ್ನಿನ ಖಗೋಳಜ್ಞ ಗಾಲೆಗೆ 1846ರ ಸೆಪ್ಟೆಂಬರ್ 23ರ ರಾತ್ರಿಯೇ ನೆಪ್ಚೂನ್ ಸಿಕ್ಕಿತು. 1859ರಲ್ಲಿ ಅದೇ ಲವೆರಿಯೆ, ಬುಧ ಗ್ರಹವೂ ಲೆಕ್ಕ ತಪ್ಪುತ್ತಿದೆ, ಸೂರ್ಯನ ಹತ್ತಿರ ಇನ್ನೊಂದು ಗ್ರಹ ಇರಬೇಕು ಅಂದ. ಅದಕ್ಕೆ ವಲ್ಕನ್ ಅಂತ ಹೆಸರೂ ಬಂತು. ಆ ಗ್ರಹ ಇರಲೇ ಇಲ್ಲ. ಬುಧನ ಲೆಕ್ಕ ಸರಿಹೋಗಿದ್ದು 1915ರಲ್ಲಿ, ಐನ್‌ಸ್ಟೈನನ ಗುರುತ್ವ ಸಿದ್ಧಾಂತದಿಂದ. ಅದೇ ಮನುಷ್ಯ, ಅದೇ ತರ್ಕ. ಒಮ್ಮೆ ಗೆದ್ದ, ಒಮ್ಮೆ ಸೋತ. ಇದನ್ನು ಇದೇ ಕ್ರಮದಲ್ಲಿ ಹೇಳಿ, ಕೊನೆಯನ್ನು ಮೊದಲು ಹೇಳಬೇಡಿ.

ಈಗ ನಿಮ್ಮ ಬರಹಕ್ಕೆ ಬರೋಣ. "ಫ್ಲೋಜಿಸ್ಟನ್ ಎಂಬ ತಪ್ಪು ಸಿದ್ಧಾಂತ" ಅಂತ ಶುರು ಮಾಡಿದ್ದೀರಿ. ಆ ಸಾಲು ಅಳಿಸಿ. ಸುಡುವ ವಸ್ತುವಿನಿಂದ ಏನೋ ಹೊರಗೆ ಹೋಗುತ್ತದೆ, ಅದೇ ಫ್ಲೋಜಿಸ್ಟನ್ ಅಂತ ಹೇಳಿ. ಉರಿಯುವುದನ್ನು ಕಣ್ಣಾರೆ ನೋಡಿದ ಯಾರಿಗೂ ಹಾಗೇ ಅನಿಸುತ್ತದೆ. ಆಮೇಲೆ ಲೋಹ ಕಾಯಿಸಿ ಭಸ್ಮ ಮಾಡಿದಾಗ ತೂಕ ಹೆಚ್ಚಾಗಿದ್ದನ್ನು ತನ್ನಿ. 1774ರಲ್ಲಿ ಇಂಗ್ಲೆಂಡಿನ ಪ್ರೀಸ್ಟ್ಲಿ ಭೂತಗನ್ನಡಿಯಿಂದ ಬಿಸಿಲನ್ನು ಕೆಂಪು ಪಾದರಸಭಸ್ಮದ ಮೇಲೆ ಬೀಳಿಸಿದ್ದನ್ನು, ಅದರಿಂದ ಬಂದ ಗಾಳಿಯಲ್ಲಿ ಮೇಣದಬತ್ತಿ ಭಗ್ಗನೆ ಉರಿದದ್ದನ್ನು ಬಿಡಿಸಿ ಬರೆಯಿರಿ.

ಸುಡುವಾಗ ಏನೂ ಹೊರಗೆ ಹೋಗುವುದಿಲ್ಲ, ಪ್ರೀಸ್ಟ್ಲಿ ಕಂಡ ಆ ಗಾಳಿ, ಅಂದರೆ ಆಮ್ಲಜನಕ, ಬಂದು ಸೇರುತ್ತದೆ ಅಂದವನು ಫ್ರಾನ್ಸಿನ ಲವಾಸಿಯೆ; ಅವನನ್ನು ಅಷ್ಟು ಬೇಗ ಗೆಲ್ಲಿಸಬೇಡಿ. ಲೋಹವನ್ನು ಆಮ್ಲಕ್ಕೆ ಹಾಕಿದರೆ ಹತ್ತಿ ಉರಿಯುವ ಗಾಳಿ ಬರುತ್ತದೆ, ಅದೇ ಲೋಹದ ಭಸ್ಮ ಹಾಕಿದರೆ ಬರುವುದಿಲ್ಲ. ಯಾಕೆ? ಲೋಹದಲ್ಲಿ ಫ್ಲೋಜಿಸ್ಟನ್ ಇದೆ, ಭಸ್ಮದಲ್ಲಿ ಅದು ಮೊದಲೇ ಹೋಗಿದೆ ಅಂತ ಎದುರಾಳಿಗಳು ಥಟ್ಟನೆ ಹೇಳುತ್ತಿದ್ದರು. ನೀರು ಎರಡು ಅನಿಲ ಸೇರಿ ಆದದ್ದು, ಆ ಹತ್ತಿ ಉರಿಯುವ ಗಾಳಿ ಅವುಗಳಲ್ಲಿ ಒಂದು ಅಂತ 1783ರಲ್ಲಿ ತಿಳಿಯುವವರೆಗೂ ಲವಾಸಿಯೆ ಹತ್ತಿರ ಇದಕ್ಕೆ ಉತ್ತರ ಇರಲಿಲ್ಲ. ನಿಮ್ಮ ಓದುಗರೂ ಆ ಜಾಗದಲ್ಲಿ ಸ್ವಲ್ಪ ಹೊತ್ತು ಉತ್ತರವಿಲ್ಲದೆ ನಿಲ್ಲಲಿ. ತಿದ್ದಿದ ಮೇಲೆ ಇಲ್ಲೇ ಹಾಕಿ, ಖಂಡಿತ ಓದುತ್ತೇನೆ.