ಮುರಿದದ್ದು ಒಂದು ಕಾಲು, ನೋವು ಎರಡೂ ಕಾಲಲ್ಲಿ

ನೋವಿನ ಮಾತ್ರೆಯ ಚಟಕ್ಕೆ ಸಿಕ್ಕಿ, ಅದನ್ನು ಬಿಡಲು ನಮ್ಮ ಹತ್ತಿರ ಬಂದ ಒಬ್ಬರ ಕತೆ ಇದು, ಗುರುತು ಸಿಗದ ಹಾಗೆ ಹೆಸರು, ಊರು ಬಿಟ್ಟು ಬರೆಯುತ್ತಿದ್ದೇನೆ. ಮಲೆನಾಡಿನ ಕಡೆಯವರು, ಅಡಿಕೆ ಮರ ಹತ್ತಿ ಕೊನೆ ತೆಗೆಯುವ ಕೆಲಸ. ಮೊದಲು ಬಂದವರು ಹೆಂಡತಿ. ಚೀಲದಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದು ಮೇಜಿನ ಮೇಲೆ ಸುರಿದರು. ಎಲ್ಲಾ ಖಾಲಿ ಸ್ಟ್ರಿಪ್. "ಕೊಟ್ಟಿಗೆ ಅಟ್ಟದಲ್ಲಿ ಸಿಕ್ಕಿದ್ದು ಮೇಡಂ. ಇವರು ಕುಡಿಯೋರಲ್ಲ, ಬೀಡಿನೂ ಇಲ್ಲ. ಇದೇನು ಅಂತ ನೀವೇ ಹೇಳಿ."

ಟ್ರಮಡಾಲ್, ಅಫೀಮಿನ ಥರ ಕೆಲಸ ಮಾಡುವ ನೋವಿನ ಮಾತ್ರೆ. ಎರಡು ವರ್ಷದ ಹಿಂದೆ ಮರದಿಂದ ಬಿದ್ದು ಬಲಗಾಲು ಮುರಿದು, ಆಪರೇಷನ್ ಆದಾಗ ಹತ್ತು ದಿನಕ್ಕೆ ಅಂತ ಬರೆದುಕೊಟ್ಟಿದ್ದ 50 ಮಿಲಿಗ್ರಾಂ ಕ್ಯಾಪ್ಸೂಲ್. ಮೂಳೆ ಕೂಡಿತು, ಕ್ಯಾಪ್ಸೂಲ್ ಮಾತ್ರ ದಿನಕ್ಕೆ ಎರಡಿದ್ದದ್ದು ಹನ್ನೆರಡಾಯಿತು. 2018ರಲ್ಲೇ ಇದನ್ನು ಮಾದಕ ವಸ್ತು ಕಾಯ್ದೆಯಡಿ ತಂದಿದ್ದಾರೆ, ಆದರೂ ಹಳೇ ಚೀಟಿ ನೋಡಿ ಕೊಡುವ ಅಂಗಡಿ ಇವರಿಗೆ ಸಿಕ್ಕಿತ್ತು. ನನಗೆ ನಿಜಕ್ಕೂ ಸಿಟ್ಟು ಬಂದದ್ದು ಅಲ್ಲಿ.

ಮುಂದಿನ ವಾರ ಅವರೂ ಬಂದರು. ತಲೆ ಎತ್ತಲಿಲ್ಲ. "ಬಿಟ್ಟರೆ ಕಾಲು ನೋವು ತಡೆಯಕ್ಕಾಗಲ್ಲ ಮೇಡಂ, ಚಟಕ್ಕೆ ತಗೊಳ್ತಿಲ್ಲ." ಎಲ್ಲಿ ನೋವು ಅಂತ ಕೇಳಿದೆ. ಎರಡೂ ತೊಡೆ ಸವರಿಕೊಂಡರು. ಮುರಿದದ್ದು ಬಲಗಾಲು ಅಲ್ವಾ ಅಣ್ಣಾ, ಎಡಗಾಲು ಯಾಕೆ ನೋಯುತ್ತೆ ಅಂದೆ. ಸುಮ್ಮನಾದರು. ಆಮೇಲೆ ಒಂದೊಂದೇ ಹೊರಗೆ ಬಂತು: ಮಾತ್ರೆ ತಪ್ಪಿದ ದಿನ ಆಕಳಿಕೆ ಮೇಲೆ ಆಕಳಿಕೆ, ಮೂಗು ಸೋರುವುದು, ಮೈ ಜುಮ್ಮೆನ್ನುವುದು, ಭೇದಿ, ರಾತ್ರಿಯಿಡೀ ಕಾಲು ಒದ್ದಾಡುವುದು. ಇದು ಹಳೇ ನೋವಲ್ಲ, ಮಾತ್ರೆ ಸಿಗದೆ ಮೈ ಮಾಡುವ ಗಲಾಟೆ. ಅದನ್ನೇ ನೋವು ಅಂದುಕೊಂಡು ಮತ್ತೆ ನುಂಗುತ್ತಿದ್ದರು.

ಒಮ್ಮೆ ತೋಟದಲ್ಲಿ ಬಿದ್ದು ಕೈಕಾಲು ಅದುರಿ ನಾಲಿಗೆ ಕಚ್ಚಿಕೊಂಡಿದ್ದರಂತೆ. ಬಿಸಿಲಿಗೆ ಅಂದುಕೊಂಡಿದ್ದರು. ಟ್ರಮಡಾಲ್ ದಿನಕ್ಕೆ 400 ಮಿಲಿಗ್ರಾಂ ಮೀರಬಾರದು, ಜಾಸ್ತಿಯಾದರೆ ಫಿಟ್ಸ್ ಬರಬಹುದು. ಇವರು 600 ತಗೊಳ್ಳುತ್ತಿದ್ದರು! ಮರದ ಮೇಲಿದ್ದಾಗ ಬಂದಿದ್ದರೆ?

ಅದಕ್ಕೇ ಮೊದಲು ಹೇಳಿದ್ದು, ಡಾಕ್ಟರ್ ಸರಿ ಅನ್ನುವವರೆಗೆ ಮರ ಹತ್ತಬೇಡಿ, ಗಾಡಿ ಓಡಿಸಬೇಡಿ. ಹಟಕ್ಕೆ ಬಿದ್ದು ಒಂದೇ ದಿನಕ್ಕೆ ನಿಲ್ಲಿಸಬೇಡಿ. ಹೆಂಡತಿಗೂ ಹೇಳಿದೆ, ಮಾತ್ರೆ ಬಚ್ಚಿಡುವುದು, ಕೋಣೆಗೆ ಹಾಕಿ ಬೀಗ ಹಾಕುವುದು ಬೇಡಮ್ಮಾ, ಈ ಸ್ಟ್ರಿಪ್‌ಗಳನ್ನೆಲ್ಲ ಹಾಗೇ ಮನೋವೈದ್ಯರ ಮುಂದೆ ಇಡಿ. ಹೆಂಡ, ನಿದ್ದೆ ಮಾತ್ರೆ ಇದರ ಜೊತೆ ಸೇರಿದರೆ ಉಸಿರೇ ನಿಲ್ಲಬಹುದು.

ವೈದ್ಯರು ಬ್ಯುಪ್ರೆನಾರ್ಫಿನ್ (ಇದೂ ಅದೇ ಗುಂಪಿನದು, ಚಟ ಬಿಡಿಸಲು ಕೊಡುವುದು) ಮತ್ತು ನಲಾಕ್ಸೋನ್ ಸೇರಿದ ಮಾತ್ರೆ ಶುರು ಮಾಡಿದರು. ನಾಲಿಗೆ ಕೆಳಗೆ ಇಟ್ಟು ಕರಗಿಸಿಕೊಳ್ಳಬೇಕು, ನುಂಗಬಾರದು. ಹಳೇ ಮಾತ್ರೆಯ ಅಮಲು ಇಳಿದು ಆ ಒದ್ದಾಟ ಶುರುವಾದ ಮೇಲೇ ಮೊದಲ ಡೋಸ್, ಅವಸರ ಮಾಡಿದರೆ ಇನ್ನೂ ಜಾಸ್ತಿಯಾಗುತ್ತೆ. "ಒಂದು ಬಿಡಿಸೋಕೆ ಇನ್ನೊಂದಾ?" ಅಂತ ಹೆಂಡತಿ ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಇದು ಅಮಲಿಗಲ್ಲ, ಮೈಗೆ ಒಂದೇ ಹದ ಕೊಡಕ್ಕೆ, ಹಾಗಾದರೆ ಮನುಷ್ಯ ಕೆಲಸಕ್ಕೆ ಹೋಗಬಹುದು, ಊಟ ಮಾಡಬಹುದು, ಮಲಗಬಹುದು. ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಬೇಕು ಅಂತ ಹೇಳಿದೆ. ಇನ್ನೊಂದು ಮಾತನ್ನು ಎರಡು ಸಲ ಹೇಳಿದೆ: ಸ್ವಲ್ಪ ದಿನ ಬಿಟ್ಟವರ ಮೈ ಹಳೇ ಹನ್ನೆರಡನ್ನು ತಡೆಯಲ್ಲ, ಜಾರಿದರೂ ಆ ಲೆಕ್ಕಕ್ಕೆ ಹೋಗಬೇಡಿ, ನನಗೆ ಫೋನ್ ಮಾಡಿ.

ನಮ್ಮ ಹತ್ತಿರ ಬರಲಾಗದವರು 14446ಕ್ಕೆ ಫೋನ್ ಮಾಡಿ, ವ್ಯಸನಕ್ಕೆ ಅಂತಲೇ ಇರುವ ಸರ್ಕಾರಿ ಸಹಾಯವಾಣಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಈಗ ಏಳನೇ ತಿಂಗಳು. ನಡುವೆ ಒಮ್ಮೆ ಜಾರಿದರು, ಮಾರನೇ ದಿನ ತಾವೇ ಬಂದು ಹೇಳಿದರು. ಈ ಕೊಯ್ಲಿಗೆ ಮರ ಹತ್ತಿಲ್ಲ, ಕೆಳಗೆ ನಿಂತು ಹಗ್ಗ ಹಿಡಿಯುತ್ತಿದ್ದಾರೆ.