ಮಾಸ್ ಸ್ಟಿಚ್‌ನ ರ‍್ಯಾಗ್ಲನ್ ಸ್ವೆಟರ್: ಕಂಕುಳು ಬಿಗಿಯಾಗುವುದೇಕೆ?

ನಮಸ್ಕಾರ. ಕತ್ತಿನಿಂದ ಕಂಕುಳಿಗೆ ಇಳಿಯುವ ನಾಲ್ಕು ಓರೆಗೆರೆಗಳ ಪಕ್ಕ ಕುಣಿಕೆ ಹೆಚ್ಚಿಸುತ್ತ ಕೆಳಕ್ಕೆ ಹೆಣೆಯುವ ಸಾದಾ ರ‍್ಯಾಗ್ಲನ್ ಲೆಕ್ಕವನ್ನೇ ಇಟ್ಟುಕೊಂಡು, ನಿಟ್ (ಎದುರಿಗೆ ನುಣುಪಾಗಿ ಕಾಣುವ ಕುಣಿಕೆ) ಮತ್ತು ಪರ್ಲ್ (ಉಬ್ಬಾಗಿ ಕಾಣುವ ಕುಣಿಕೆ) ಅಕ್ಕಪಕ್ಕದಲ್ಲೂ ಮೇಲೆಕೆಳಗೂ ಒಂದು ಬಿಟ್ಟು ಒಂದು ಬರುವ ಮಾಸ್ ಸ್ಟಿಚ್ ಹಾಕಿದ್ದೀರಿ. ಎದೆಯ ಅಗಲ ಸರಿಯಿದ್ದರೂ ಕಂಕುಳು ಹಿಡಿಯುತ್ತಿದೆ, ನಾಲ್ಕೂ ಓರೆಗೆರೆಗಳ ಪಕ್ಕದಲ್ಲಿ ವಿನ್ಯಾಸ ಕದಡಿದೆ ಎಂದು ಬರೆದಿದ್ದೀರಿ.

ಕಂಕುಳಿನ ತೊಂದರೆಗೆ ಕಾರಣ ಸಾಲುಗಳ ಎತ್ತರ. ಮಾಸ್ ಸ್ಟಿಚ್‌ನಲ್ಲಿ ಸಾಲುಗಳು ಒಂದರ ಮೇಲೊಂದು ಒತ್ತಿ ಕೂರುತ್ತವೆ. ನಿಮ್ಮ ಮಾದರಿ 10 ಸೆಂ.ಮೀ.ಗೆ 20 ಕುಣಿಕೆ, 28 ಸಾಲು ಎಂದು ಲೆಕ್ಕ ಹಾಕಿದೆ. ನೀವು ಒಂದು ಅಳತೆ ಸಣ್ಣ ಸೂಜಿ ಹಿಡಿದು 20 ಕುಣಿಕೆಗಳನ್ನು ಸರಿಹೊಂದಿಸಿದ್ದೀರಿ, ಆದರೆ ನೀವೇ ಹೇಳಿದಂತೆ ಸಾಲುಗಳು 36 ಆಗಿವೆ. ಬೆನ್ನಿನ 28 ಕುಣಿಕೆ 84 ಆಗಲು, ಎರಡೂ ಬದಿಯಲ್ಲಿ ಒಂದೊಂದರಂತೆ 28 ಸಲ ಹೆಚ್ಚಿಸಬೇಕು. ಸುತ್ತು ಬಿಟ್ಟು ಸುತ್ತು ಹೆಚ್ಚಿಸಿದರೆ 56 ಸುತ್ತು. ಸಾದಾ ಹೆಣಿಗೆಯಲ್ಲಿ ಅದು 20 ಸೆಂ.ಮೀ. ಆಳ ಕೊಡುತ್ತಿತ್ತು, ನಿಮಗೆ ಹದಿನೈದೂವರೆ ಮಾತ್ರ ಸಿಕ್ಕಿದೆ. ಆದ್ದರಿಂದ ಮೊದಲ 20 ಹೆಚ್ಚಳಗಳನ್ನು ಎರಡು ಸುತ್ತಿಗೊಮ್ಮೆಯೂ ಉಳಿದ 8ನ್ನು ನಾಲ್ಕು ಸುತ್ತಿಗೊಮ್ಮೆಯೂ ಮಾಡಿ. ಒಟ್ಟು 72 ಸುತ್ತಾಗಿ ಬೇಕಾದ 20 ಸೆಂ.ಮೀ. ಬರುತ್ತದೆ, ಎದೆಯ ಅಗಲ ಬದಲಾಗುವುದಿಲ್ಲ. ಅಳತೆಗೆಂದು ಮೊದಲು ಹೆಣೆಯುವ ಸಣ್ಣ ತುಂಡನ್ನು ತೊಳೆದು ಒಣಗಿಸಿದ ಮೇಲೆಯೇ ಸಾಲುಗಳನ್ನು ಎಣಿಸಿ. ಉಣ್ಣೆ ನೂಲು ನೀರು ಕಂಡ ಮೇಲೆ ಸಡಿಲಗೊಳ್ಳುವುದುಂಟು.

ಇನ್ನು ವಿನ್ಯಾಸ. ನೀವು ಕಳಿಸಿದ ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ: ಮಾರ್ಕರ್ (ಓರೆಗೆರೆಯ ಜಾಗ ತೋರಿಸುವ ಗುರುತು) ದಾಟಿದೊಡನೆ ಪ್ರತಿ ಸಲವೂ ನಿಟ್‌ನಿಂದಲೇ ಆರಂಭಿಸಿದ್ದೀರಿ. ನಾನೂ ಮೊದಲ ಸ್ವೆಟರಿನಲ್ಲಿ ಹೀಗೇ ಮಾಡಿ, ತೋಳಿನವರೆಗೂ ಗಮನಿಸದೆ ಹೋಗಿದ್ದೆ. ಗೆರೆಯ ಪಕ್ಕದಲ್ಲಿ ಹೊಸ ಕುಣಿಕೆ ಹುಟ್ಟಿದಾಗ ಹಳೆಯದು ಒಂದು ಸ್ಥಾನ ಒಳಕ್ಕೆ ಸರಿಯುತ್ತದೆ. ಹಳೆಯದು ಮುಂದಿನ ಸುತ್ತಿನಲ್ಲಿ ಪರ್ಲ್ ಆಗಬೇಕಿದ್ದರೆ ಹೊಸದು ನಿಟ್ ಆಗಬೇಕು. ಹೀಗಾಗಿ ಎರಡು ಸುತ್ತಿಗೊಮ್ಮೆ ಹೆಚ್ಚಿಸುವವರೆಗೆ ಗೆರೆಗೆ ತಾಗಿದ ಕುಣಿಕೆ ಸುತ್ತಿನಿಂದ ಸುತ್ತಿಗೆ ನಿಟ್, ನಿಟ್, ಪರ್ಲ್, ಪರ್ಲ್ ಎಂದು ಸಾಗುತ್ತದೆ. ನಾಲ್ಕು ಸುತ್ತಿಗೊಮ್ಮೆ ಹೆಚ್ಚಿಸತೊಡಗಿದ ಮೇಲೆ ಈ ಸೂತ್ರ ನಡೆಯದು. ಆಗ ಬಾಯಿಪಾಠ ಬಿಟ್ಟು ಕೆಳಗಿನ ಕುಣಿಕೆಯನ್ನೇ ನೋಡಿ, ಎದುರಿಗೆ ಉಬ್ಬು ಕಂಡರೆ ನಿಟ್, ನುಣುಪು ಕಂಡರೆ ಪರ್ಲ್ ಹಾಕಿ. ಗೆರೆಯಲ್ಲಿ ಎರಡು ಸಾದಾ ನಿಟ್ ಕುಣಿಕೆಗಳನ್ನು ಉಳಿಸಿಕೊಂಡರೆ ಕಣ್ಣಿಗೂ ಆಧಾರವಿರುತ್ತದೆ.

ಈಗ ಹೆಣೆದದ್ದನ್ನು ಬಿಚ್ಚದೆ ದಾರಿಯಿಲ್ಲ, ಏಕೆಂದರೆ ತಪ್ಪು ಮೊದಲ ಹೆಚ್ಚಳದಿಂದಲೇ ಶುರುವಾಗಿದೆ. ಮತ್ತೆ ಹೆಣೆಯುವಾಗ ಪ್ರತಿ 20 ಸುತ್ತಿಗೊಮ್ಮೆ ಎಲ್ಲ ಕುಣಿಕೆಗಳಲ್ಲೂ ಬೇರೆ ಬಣ್ಣದ ಹೊಲಿಗೆ ದಾರವನ್ನು ಪೋಣಿಸಿಡಿ. ಮುಂದೆ ಎಡವಿದರೂ ಅಲ್ಲಿಯವರೆಗೆ ಮಾತ್ರ ಬಿಚ್ಚಿದರೆ ಸಾಕು.

ತೋಳುಗಳನ್ನು ಪಕ್ಕಕ್ಕಿಟ್ಟು ಮೈಭಾಗವನ್ನು ಜೋಡಿಸುವಾಗ ಒಂದು ಕಂಕುಳಿಗೆ 8, ಸುತ್ತು ಮುಗಿಯುವ ಕಡೆಯ ಕಂಕುಳಿಗೆ 9 ಹೊಸ ಕುಣಿಕೆ ಹಾಕಿ. ಮುಂಭಾಗ, ಬೆನ್ನಿನ ತಲಾ 84 ಸೇರಿ ಒಟ್ಟು 185 ಬೆಸಸಂಖ್ಯೆಯಾಗುವುದರಿಂದ, ಸುತ್ತಿನ ಆರಂಭ ಎಲ್ಲಿದೆ ಎಂದು ಹುಡುಕದೆ ಒಂದು ನಿಟ್, ಒಂದು ಪರ್ಲ್ ಎಂದು ಅಂಚಿನವರೆಗೂ ಹೆಣೆದುಕೊಂಡು ಹೋಗಬಹುದು.